ದೆವ್ವಕ್ಕೂ ಒಂದು ದೂರು ಇರುತ್ತೆ



ಸ್ವಲ್ಪ ಉದ್ದದ ಪೋಸ್ಟ್ ಇದು. ವಿಷಯ ಒಂದು ವಿಡಿಯೊ ಗೇಮ್. ನಲವತ್ತು ದಾಟಿದ ಗುಮಾಸ್ತನಿಗೆ ಗೇಮ್ ಬಗ್ಗೆ ಏನು ಮಾತು ಅಂತ ನಗೋರು ನಕ್ಕುಬಿಡಿ, ಆಮೇಲೆ ಓದಿ.

ರಜೆಗೆ ಬಂದಿದ್ದ ಅಕ್ಕನ ಮಗ ಲ್ಯಾಪ್‌ಟಾಪ್‌ನಲ್ಲಿ 'ಘೋಸ್ಟ್‌ವೈರ್: ಟೋಕಿಯೊ' ಆಡ್ತಿದ್ದ. ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಅನ್ನೋ ಸ್ಟುಡಿಯೊ ಮಾಡಿದ್ದು, 2022ರಲ್ಲಿ ಬಂದದ್ದು. ಮೂರು ರಾತ್ರಿ ಅವನ ಪಕ್ಕ ಕೂತು ನೋಡಿದೆ. ನೋಡಿ ಅನ್ನಿಸಿದ್ದನ್ನ ಆಫೀಸಿನ ವಾಟ್ಸಾಪ್ ಗ್ರೂಪಿಗೆ ನಾಲ್ಕು ಸಾಲು ಹಾಕಿದ್ದೇ ತಪ್ಪಾಯ್ತು. "ಏನ್ ಸರ್, ಜಪಾನಿನ ದೆವ್ವದಲ್ಲೂ ಜಾತಿ ಹುಡುಕ್ತೀರಾ?" ಅಂತ ಒಬ್ಬರು ಕೇಳಿದ್ರು. ಉಳಿದವರು ನಗೋ ಇಮೋಜಿ ಒತ್ತಿದ್ರು. ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತಿದೀನಿ.

ಮೊದಲು ಗೇಮಿನ ಕಥೆ. ಟೋಕಿಯೊದ ಶಿಬುಯಾದಲ್ಲಿ ಒಂದು ರಾತ್ರಿ ಮಂಜು ಕವಿದು ಜನ ಎಲ್ಲ ಮಾಯ ಆಗ್ತಾರೆ. ರಸ್ತೆ ತುಂಬಾ ಬರೀ ಬಟ್ಟೆ ಬಿದ್ದಿರುತ್ತೆ. ಅಕಿಟೊ ಅನ್ನೋ ಹುಡುಗನ ಮೈಯೊಳಗೆ ಕೆಕೆ ಅನ್ನೋ ಸತ್ತ ಪತ್ತೇದಾರನ ಆತ್ಮ ಸೇರಿಕೊಳ್ಳುತ್ತೆ. ಹಾನ್ಯ ಮುಖವಾಡ ಹಾಕಿಕೊಂಡ ಒಬ್ಬ ಅಕಿಟೊನ ತಂಗಿಯನ್ನ ಎತ್ತಿಕೊಂಡು ಹೋಗಿರ್ತಾನೆ. ಅವಳನ್ನ ಬಿಡಿಸಿಕೊಂಡು ಬರಬೇಕು. ದಾರಿ ಉದ್ದಕ್ಕೂ ಜಪಾನಿನ ಜನಪದ ಕಥೆಗಳ ಜೀವಿಗಳು, ದೆವ್ವಗಳು. ಸೌತೆಕಾಯಿ ಇಟ್ಟರೆ ಬರೋ ನೀರಿನ ಕಪ್ಪಾ ಇದೆ, ದೊಡ್ಡ ಕತ್ತರಿ ಹಿಡಿದ ಬಾಯಿ ಸೀಳಿದ ಹೆಂಗಸು ಇದ್ದಾಳೆ. ಮಳೆಯಲ್ಲಿ ನೆಂದ ರಸ್ತೆ, ನಿಯಾನ್ ದೀಪ, ಗುಡಿಗಳು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಲಸಗಾರಿಕೆ ಬಗ್ಗೆ ನನ್ನ ತಕರಾರಿಲ್ಲ.

ಅದರಲ್ಲಿ ಮತ್ತೆ ಮತ್ತೆ ಎದುರಾಗೋ ದೆವ್ವ ಯಾವುದು ಗೊತ್ತಾ? ಕೋಟು ಹಾಕಿ, ಕೊಡೆ ಹಿಡಿದು, ಮುಖವೇ ಇಲ್ಲದ ಒಬ್ಬ ಆಫೀಸ್ ನೌಕರ. ರೇನ್ ವಾಕರ್ ಅಂತ ಹೆಸರು. ಗೇಮಿನಲ್ಲೇ ದೆವ್ವಗಳ ಬಗ್ಗೆ ಟಿಪ್ಪಣಿ ಇದೆ. ದುಡಿದು ದುಡಿದು ಸುಸ್ತಾಗಿ ಹೋದವರ ಮನಸ್ಸಿನಿಂದ ಹುಟ್ಟಿದ್ದು ಇದು ಅಂತ ಅದರಲ್ಲಿ ಬರೆದಿದ್ದಾರೆ. ಇನ್ನೊಂದು, ಶಾಲೆ ಸಮವಸ್ತ್ರದಲ್ಲಿರೋ ತಲೆಯಿಲ್ಲದ ಹುಡುಗಿ. ಮುಂದೇನು ಅಂತ ದಾರಿ ಕಾಣದ ವಿದ್ಯಾರ್ಥಿಗಳ ತಳಮಳದಿಂದ ಹುಟ್ಟಿದವಳು.

ಅಂದ್ರೆ ಗೇಮ್ ಮಾಡಿದವರಿಗೆ ದೆವ್ವ ಎಲ್ಲಿಂದ ಬರುತ್ತೆ ಅಂತ ಚೆನ್ನಾಗಿ ಗೊತ್ತು. ಕೆಲಸದ ಹೊರೆಯಿಂದ ಸಾಯೋದಕ್ಕೆ 'ಕರೋಶಿ' ಅಂತ ಪದವೇ ಇರೋ ದೇಶ ಅದು. 2014ರಲ್ಲಿ ಅದನ್ನ ತಡೆಯೋಕೆ ಕಾಯ್ದೆ ತಂದ್ರು. 2018ರಲ್ಲಿ ಇನ್ನೊಂದು ಕಾನೂನು ಮಾಡಿ ಓವರ್‌ಟೈಮ್‌ಗೆ ಮಿತಿ ಹಾಕಿದ್ರು. ಆ ಮಿತಿಯೂ, ಕೆಲಸ ಜಾಸ್ತಿ ಇರೋ ತಿಂಗಳಲ್ಲಿ 100 ಗಂಟೆ ಹತ್ತಿರ ಹೋಗಬಹುದು! ಅಂಥ ಊರಿನ ಸುಸ್ತಿಗೆ ಕೋಟು ತೊಡಿಸಿ ಕೊಡೆ ಕೊಟ್ಟು ನಿಲ್ಲಿಸಿದ್ದಾರೆ. ಸರಿ.

ಆಮೇಲೆ ಆಟಗಾರ ಏನ್ ಮಾಡ್ಬೇಕು? ಬೆರಳಲ್ಲಿ ಮುದ್ರೆ ಹಿಡಿದು ಗಾಳಿ, ನೀರು, ಬೆಂಕಿ ಎಸೀಬೇಕು. ಏಟು ತಿಂದು ಎದೆ ಬಿರಿದಾಗ ಒಳಗೆ ಏನೋ ಹೊಳೆಯುತ್ತೆ. ಅದಕ್ಕೆ ಬೆಳಕಿನ ದಾರ ಸುತ್ತಿ ಕಿತ್ತು ಎಳೀಬೇಕು. ಟಕ್ ಅಂತ ಒಂದು ಶಬ್ದ. ಮುಂದಿನ ರೇನ್ ವಾಕರ್.

"ಮಾವ, ಇದು ಬಹಳ ಸ್ಯಾಟಿಸ್‌ಫೈಯಿಂಗ್" ಅಂದ ನನ್ನ ಅಳಿಯ. ನನಗೆ ಹೊಟ್ಟೆ ತೊಳಸಿತು. ಇಪ್ಪತ್ತು ವರ್ಷದಿಂದ ಕಡತ ಹೊರೋ ಕೆಲಸ ನನ್ನದು. ಮುಖ ಇಲ್ಲದ ಆ ಕೋಟಿನವನಲ್ಲಿ ನನಗೆ ನನ್ನ ಮುಖವೇ ಕಂಡಿತು.

"ಗೇಮ್ ಅಂದಮೇಲೆ ಹೊಡೆದಾಟ ಇರಲ್ವಾ" ಅಂತೀರಿ. ಸ್ವಾಮಿ, ಬೇರೆ ದಾರಿ ಆ ಗೇಮಿನಲ್ಲೇ ಇದೆ. ಗಾಳಿಯಲ್ಲಿ ತೇಲೋ ಆತ್ಮಗಳನ್ನ ಕಾಗದದ ಬೊಂಬೆಗೆ ತುಂಬಿಕೊಂಡು, ಬೀದಿಯ ಟೆಲಿಫೋನ್ ಬೂತಿನಿಂದ ಸುರಕ್ಷಿತ ಜಾಗಕ್ಕೆ ಕಳಿಸಬಹುದು. ದಾರಿಯಲ್ಲಿ ಸಿಗೋ ಸತ್ತವರ ಮುಂದೆ ನಿಂತು ಅವರ ಕಥೆ ಕೇಳಬಹುದು, ಬಾಕಿ ಉಳಿದ ಆಸೆ ತೀರಿಸಬಹುದು. ಇಡೀ ಗೇಮಿನಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅದೇ. ಆದರೆ ಅವನ್ನೆಲ್ಲ ಏನಂತಾರೆ ಗೊತ್ತಾ? ಸೈಡ್ ಮಿಷನ್! ಮಾಡಿದ್ರೂ ಆಯ್ತು, ಬಿಟ್ರೂ ಆಯ್ತು. ಕಿತ್ತು ಎಳೆಯೋದು ಮುಖ್ಯ ಕಥೆ, ಕೇಳಿಸಿಕೊಳ್ಳೋದು ಸೈಡ್ ಮಿಷನ್. ಈ ವ್ಯವಸ್ಥೆ ನಮಗೆ ಹೊಸದಾ?

ಜಪಾನಿನ ಹಳೆಯ ದೆವ್ವದ ಕಥೆಗಳು ಹೀಗಿರಲಿಲ್ಲ. ಒಕಿಕು ಅನ್ನೋ ಮನೆಗೆಲಸದ ಹುಡುಗಿಯ ಕಥೆ ಕೇಳಿ. ಸಮುರಾಯ್ ಒಡೆಯನ ಮನೇಲಿ ಬೆಲೆಬಾಳೋ ಹತ್ತು ತಟ್ಟೆ. ಒಡೆಯ ಇವಳ ಮೇಲೆ ಕಣ್ಣು ಹಾಕ್ತಾನೆ, ಇವಳು ಒಪ್ಪಲ್ಲ. ಒಂದು ತಟ್ಟೆ ಬಚ್ಚಿಟ್ಟು ಕಳವಿನ ಆರೋಪ ಹೊರಿಸಿ, ಕೊಂದು ಬಾವಿಗೆ ಹಾಕ್ತಾನೆ. ಅವತ್ತಿನಿಂದ ರಾತ್ರಿ ಬಾವಿಯಿಂದ ಎಣಿಕೆ ಕೇಳುತ್ತೆ. ಒಂದು, ಎರಡು, ಮೂರು... ಒಂಬತ್ತು. ಆಮೇಲೆ ಅಳು. ಹಿಮೇಜಿ ಕೋಟೆಯಲ್ಲಿ ಇವತ್ತಿಗೂ ಒಂದು ಬಾವಿಯನ್ನ ಒಕಿಕುವಿನ ಬಾವಿ ಅಂತ ತೋರಿಸ್ತಾರೆ. ಅವಳಿಗೆ ಶಾಂತಿ ಸಿಕ್ಕಿದ್ದು ಹೇಗೆ? ಒಂದು ಪಾಠದ ಪ್ರಕಾರ, ಅವಳು ಒಂಬತ್ತು ಅಂದ ಕೂಡಲೇ ಒಬ್ಬ ಜೋರಾಗಿ "ಹತ್ತು!" ಅಂತ ಕೂಗ್ತಾನೆ. ಅಷ್ಟೇ. ನಿನ್ನ ಲೆಕ್ಕ ಸರಿ ಇದೆ ತಾಯಿ ಅಂತ ಒಬ್ಬ ಹೇಳಬೇಕಿತ್ತು.

ಈ ಕಥೆ ನನಗೆ ಯಾಕೆ ನಾಟಿತು ಹೇಳ್ತೀನಿ. ಕೆಲವು ವರ್ಷದ ಹಿಂದೆ ನಾನಿದ್ದ ಕಚೇರಿಯಲ್ಲಿ ಒಂದು ಕಡತ ಕಾಣೆಯಾಯ್ತು. ಎಂಟು ಮೇಜುಗಳಲ್ಲಿ ಮೊದಲು ಹುಡುಕಿದ್ದು ನನ್ನ ಮೇಜು, ನನ್ನ ಚೀಲ. ಊಟದ ಡಬ್ಬಿಯನ್ನೂ ತೆಗೆಸಿದ್ರು. ನಾಲ್ಕು ದಿನ ಆದಮೇಲೆ ಸಾಹೇಬರ ಬೀರುವಿನಲ್ಲೇ ಸಿಕ್ಕಿತು. ಸಿಕ್ಕಿತು ಅಂತ ನನಗೆ ಯಾರೂ ಬಂದು ಹೇಳಲಿಲ್ಲ. ಇವತ್ತಿಗೂ ಯಾರೂ "ಹತ್ತು" ಅಂದಿಲ್ಲ.

ಈಗ ಜಾತಿಯ ಪ್ರಶ್ನೆ. ಜಪಾನಿನಲ್ಲಿ ಜಾತಿ ಇಲ್ಲ ಅಂದುಕೊಂಡವರು ಕೇಳಿ.

ಟೋಕಿಯೊಗೆ ಎಡೊ ಅಂತ ಹೆಸರಿದ್ದ ಕಾಲದಲ್ಲಿ ಸತ್ತ ದನ ಎತ್ತೋರು, ಚರ್ಮ ಹದ ಮಾಡೋರು, ಗಲ್ಲುಗಂಬದ ಕೆಲಸದವರು ಬೇರೆಯೇ ಇರಬೇಕಿತ್ತು. ಅವರನ್ನ 'ಎತಾ' ಅಂದ್ರು, ಅಕ್ಷರದಲ್ಲಿ ಬರೆದರೆ 'ಬಹಳ ಹೊಲಸು' ಅಂತ ಅರ್ಥ. ಇನ್ನೊಂದು ಗುಂಪನ್ನ 'ಹಿನಿನ್' ಅಂದ್ರು, ಅಂದ್ರೆ 'ಮನುಷ್ಯ ಅಲ್ಲ'. ಸಾವು ಮುಟ್ಟಿದವನಿಗೆ 'ಕೆಗಾರೆ' ಅಂಟುತ್ತೆ ಅನ್ನೋ ನಂಬಿಕೆ. ಕೆಗಾರೆ ಅಂದ್ರೆ ನಮ್ಮ ಮೈಲಿಗೆ. 1771ರಲ್ಲಿ ಕೊಜುಕಪ್ಪಾರಾ ಅನ್ನೋ ವಧಾಸ್ಥಾನದಲ್ಲಿ ಸುಗಿತಾ ಗೆಂಪಾಕು ಮತ್ತಿತರ ವೈದ್ಯರು ಹೆಣ ಕೊಯ್ಯೋದನ್ನ ನೋಡಿದ್ರು. ಅದರಿಂದಲೇ 1774ರ ಪ್ರಸಿದ್ಧ ಅಂಗರಚನಾ ಪುಸ್ತಕ ಹುಟ್ಟಿತು. ಕೊಯ್ದು ಒಂದೊಂದೇ ಅಂಗ ತೋರಿಸಿಕೊಟ್ಟವನು ತೊಂಬತ್ತರ ಆಸುಪಾಸಿನ ಒಬ್ಬ ಎತಾ ಮುದುಕ. ವೈದ್ಯರು ಇತಿಹಾಸ ಸೇರಿದ್ರು. ಮುದುಕ ಇಂಥವನ ಅಜ್ಜ ಅಂತ ಉಳಿದ.

1871ರಲ್ಲಿ ಸರ್ಕಾರ ಈ ಹೆಸರುಗಳನ್ನ ರದ್ದು ಮಾಡಿತು. ವಾಸ ಮಾತ್ರ ಬದಲಾಗಲಿಲ್ಲ. ಅವರಿದ್ದ ಜಾಗದಿಂದಲೇ ಅವರಿಗೆ 'ಬುರಾಕುಮಿನ್' ಅಂತ ಹೆಸರು. ಬುರಾಕು ಅಂದ್ರೆ ಸಣ್ಣ ಊರು, ಹಟ್ಟಿ. ನಾವು ಕೇರಿಯವರು ಅನ್ನಿಸಿಕೊಂಡ ಹಾಗೇ. ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅದಕ್ಕೂ ಐದು ವರ್ಷ ಮೊದಲು, 1922ರ ಮಾರ್ಚ್ 3ರಂದು, ಈ ಜನ ಕ್ಯೋಟೊದಲ್ಲಿ ಸೇರಿ 'ಸುಯ್‌ಹೈಶಾ' ಅನ್ನೋ ಸಮಾನತೆಯ ಸಂಘ ಕಟ್ಟಿದ್ರು.

ಕೋಟಿನ ದೆವ್ವದ ವಿಷಯಕ್ಕೆ ವಾಪಸ್ ಬರ್ತೀನಿ. 1975ರಲ್ಲಿ ಒಂದು ಗುಟ್ಟು ಹೊರಬಿತ್ತು. ಬುರಾಕು ಜಾಗಗಳ ಹೆಸರಿನ ಪಟ್ಟಿ ಮಾಡಿ ಕಂಪನಿಗಳಿಗೆ ಕದ್ದುಮುಚ್ಚಿ ಮಾರ್ತಿದ್ರು. ಕೊಂಡವರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಇದ್ದವು. ಯಾಕೆ? ಆ ಊರಿನವರಿಗೆ ಕೆಲಸ ಕೊಡದೇ ಇರೋಕೆ. ರೇನ್ ವಾಕರ್ ಆಗೋಕೂ ಮೊದಲು ಆ ಪಟ್ಟಿ ದಾಟಬೇಕಿತ್ತು ಸರ್! ದುಡಿದು ಸಾಯೋ ಭಾಗ್ಯಕ್ಕೂ ಒಂದು ಅರ್ಹತೆ.

ಗೇಮಿನಲ್ಲಿ ಗುಡಿಯ ತೋರಿ ಬಾಗಿಲುಗಳನ್ನ ಒಂದೊಂದಾಗಿ ಶುದ್ಧ ಮಾಡ್ತಾ ಹೋಗಬೇಕು. ಶುದ್ಧ ಆದ ಹಾಗೆ ಮಂಜು ಸರಿದು ದಾರಿ ಬಿಡುತ್ತೆ. ಶುದ್ಧಿ ಇದೆ, ಮೈಲಿಗೆ ಇದೆ. ಆದರೆ ಮೈಲಿಗೆ ಹೆಸರಲ್ಲಿ ನೂರಾರು ವರ್ಷ ಊರ ಹೊರಗೆ ಇಟ್ಟಿದ್ದ ಜನ, ನಾನು ನೋಡಿದ ಮೂರು ರಾತ್ರಿಯಲ್ಲಿ ಎಲ್ಲೂ ಕಾಣಲಿಲ್ಲ. ಅಷ್ಟೊಂದು ದೆವ್ವ ಇರೋ ಊರಲ್ಲಿ ಅವರ ದೆವ್ವ ಒಂದೂ ಇಲ್ಲ.

ಇದನ್ನ ಈಗ ಹೇಳೋಕೆ ಕಾರಣ ಇದೆ. 'ಕಾಂತಾರ' ಬಂದಮೇಲೆ "ನಮ್ಮ ದೈವಗಳ ಮೇಲೂ ಇಂಥ ಗೇಮ್ ಬರಬೇಕು" ಅಂತ ಕನ್ನಡದ ಹುಡುಗರು ಬರೀತಿದ್ದಾರೆ. ಬರಲಿ. ಆದರೆ ಕಲ್ಕುಡ ಯಾರು? ಕಾರ್ಕಳದ ಗೊಮ್ಮಟನನ್ನ ಕೆತ್ತಿದ ಮೇಲೆ ಅರಸ ಕೈಕಾಲು ಕಡಿಸಿದ ಶಿಲ್ಪಿ ಅಂತ ಪಾಡ್ದನ ಹೇಳುತ್ತೆ. ಅವನದೂ ಒಂದು ದೂರೇ. ಆ ದೂರನ್ನ ಮೈಮೇಲೆ ಹೊತ್ತು ಕುಣಿಯೋರು ನಲಿಕೆ, ಪಂಬದ, ಪರವ ಸಮುದಾಯದವರು. ಗೇಮ್ ಮಾಡೋವಾಗ ಅವರನ್ನ ಕೂರಿಸಿ ಕೇಳ್ತೀರಾ? ಇಲ್ಲ, ಬರೀ ಬಣ್ಣ, ಗಗ್ಗರ, ಬೆಂಕಿ ತಗೊಂಡು ಹೋಗಿ ಕೊನೆಗೆ ಕಲ್ಕುಡನ ಎದೆಗೂ ದಾರ ಹಾಕ್ತೀರಾ?

ಗೇಮ್ ಆಡಬೇಡಿ ಅಂತ ನಾನು ಹೇಳಲ್ಲ. ಅದನ್ನ ಮಾಡಿದವರೂ ದುಡಿಯೋ ಜನವೇ. ಆ ಸ್ಟುಡಿಯೊವನ್ನ ಮುಚ್ಚುತ್ತೇವೆ ಅಂತ 2024ರ ಮೇ ತಿಂಗಳಲ್ಲಿ ಒಡೆಯ ಮೈಕ್ರೋಸಾಫ್ಟ್ ಹೇಳಿಬಿಟ್ಟಿತು. ಆಗಸ್ಟ್‌ನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ತಗೊಂಡಿದ್ದಕ್ಕೆ ಉಳಿಯಿತು. ಸುಸ್ತಾದ ನೌಕರನ ದೆವ್ವ ಮಾಡಿದವರ ಕೆಲಸಕ್ಕೇ ಗ್ಯಾರಂಟಿ ಇರಲಿಲ್ಲ.

ಗ್ರೂಪಿನಲ್ಲಿ ನಕ್ಕ ಸಹೋದ್ಯೋಗಿಗೆ ನನ್ನ ಉತ್ತರ ಇಷ್ಟೇ. ದೆವ್ವಕ್ಕೆ ಜಾತಿ ಇಲ್ಲ ಸರ್. ಯಾರ ದೂರು ಬದುಕಿದ್ದಾಗ ಯಾರೂ ಕೇಳಲ್ವೋ, ಅವರು ಸತ್ತಮೇಲೆ ಬರ್ತಾರೆ. ಯಾರ ದೂರು ಕೇಳಬಾರದು ಅಂತ ತೀರ್ಮಾನ ಮಾಡೋದು ಜಾತಿ. ಅಲ್ಲಿ ಎತಾ ಅಂದ್ರು, ಇಲ್ಲಿ ಏನೇನು ಅಂದ್ರು ಅಂತ ನಿಮಗೆ ಗೊತ್ತು.

ಮೂರನೇ ರಾತ್ರಿ ಅಳಿಯನಿಗೆ ಒಕಿಕು ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಮುಖ್ಯ ಕಥೆ ನಿಲ್ಲಿಸಿ, ಬಿಟ್ಟು ಬಂದಿದ್ದ ಸೈಡ್ ಮಿಷನ್ ಹುಡುಕಿಕೊಂಡು ಹೋದ.

ಜೈ ಭೀಮ್.