ಎಣಿಸುವವರನ್ನು ಗೆಲ್ಲಿಸಲು ಚಂದಾ ಎತ್ತಬಹುದೇ?

ಅಮೆರಿಕದಲ್ಲಿ ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶಕ್ಕೆ ಚುನಾವಣೆ ನಡೆಸಿಕೊಡುವ ಒಂದೇ ಸಂಸ್ಥೆ ಇಲ್ಲ. ಅಧ್ಯಕ್ಷರ ಚುನಾವಣೆಯನ್ನೂ ಆಯಾ ರಾಜ್ಯವೇ ನಡೆಸುತ್ತದೆ. ಬಹುಪಾಲು ರಾಜ್ಯಗಳಲ್ಲಿ ಅದರ ಮೇಲ್ವಿಚಾರಣೆ ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬ ರಾಜ್ಯಮಟ್ಟದ ಅಧಿಕಾರಿಗೆ ಸೇರಿದ್ದು. ಮತದಾರರ ನೋಂದಣಿಯ ನಿಯಮ, ಜಿಲ್ಲೆಗಳಿಗೆ ಹೋಗುವ ಸೂಚನೆ, ಕೊನೆಗೆ ಫಲಿತಾಂಶದ ಪ್ರಮಾಣೀಕರಣ ಎಲ್ಲದರಲ್ಲೂ ಇವರ ಮಾತಿಗೆ ತೂಕವಿದೆ. ಇವರಲ್ಲಿ ಹೆಚ್ಚಿನವರು ಪಕ್ಷದ ಟಿಕೆಟ್ ಮೇಲೆ ನಿಂತು, ದೇಣಿಗೆ ಎತ್ತಿ, ಪ್ರಚಾರ ಮಾಡಿ ಗೆದ್ದು ಬಂದವರು.

ಈ ಹುದ್ದೆಯ ಬಲ ಜಗತ್ತಿಗೆ ಕಂಡದ್ದು 2000ದಲ್ಲಿ. ಫ್ಲಾರಿಡಾದ ಸುಮಾರು 60 ಲಕ್ಷ ಮತಗಳಲ್ಲಿ ಜಾರ್ಜ್ ಬುಷ್ 537 ಮತಗಳಿಂದ ಗೆದ್ದರೆಂದು ಪ್ರಮಾಣೀಕರಿಸಿದ ಕ್ಯಾಥರೀನ್ ಹ್ಯಾರಿಸ್, ಅದೇ ರಾಜ್ಯದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷೆಯಾಗಿದ್ದರು. 2004ರಲ್ಲಿ ಓಹಿಯೊದ ಕೆನ್ ಬ್ಲ್ಯಾಕ್‌ವೆಲ್ ಕೂಡ ಹೀಗೆಯೇ ಎರಡೂ ಸ್ಥಾನದಲ್ಲಿದ್ದರು. ಇದನ್ನು ಕಂಡು ರೊಚ್ಚಿಗೆದ್ದ ಡೆಮಾಕ್ರಟಿಕ್ ಒಲವಿನ ಕೆಲವರು 2006ರಲ್ಲಿ ‘ಸೆಕ್ರೆಟರಿ ಆಫ್ ಸ್ಟೇಟ್ ಪ್ರಾಜೆಕ್ಟ್’ ಎಂಬ ಸಂಘಟನೆ ಕಟ್ಟಿ, ಈ ಹುದ್ದೆಗಳನ್ನು ಗೆಲ್ಲುವುದಕ್ಕೆಂದೇ ನಿಧಿ ಸಂಗ್ರಹಿಸಿದರು. ಆ ಸಂಘಟನೆ ಈಗಿಲ್ಲ, ಆದರೆ ಅದು ತೋರಿಸಿದ ದಾರಿಯಲ್ಲಿ ಎರಡೂ ಪಕ್ಷಗಳು ನಡೆಯುತ್ತಿವೆ. ಚುನಾವಣೆ ನಡೆಸುವ ಅಧಿಕಾರಿಯನ್ನು ಗೆಲ್ಲಿಸಲು ಹೀಗೆ ರಾಜಕೀಯ ನಿಧಿ ಎತ್ತುವುದು ಸರಿಯೇ?

ಪರ: ಕಣ ಖಾಲಿ ಬಿಟ್ಟರೆ ಕೆಟ್ಟವರು ತುಂಬುತ್ತಾರೆ

ಈ ಹುದ್ದೆಗೆ ರಾಜಕೀಯ ಹತ್ತಿಸಿದ್ದು ದೇಣಿಗೆಯಲ್ಲ. ಹ್ಯಾರಿಸ್ ಮತ್ತು ಬ್ಲ್ಯಾಕ್‌ವೆಲ್ ಕಾಲದಲ್ಲಿ ದೇಶದ ಹೆಚ್ಚಿನ ಮತದಾರರಿಗೆ ಈ ಅಧಿಕಾರಿ ಯಾರೆಂಬುದೇ ಗೊತ್ತಿರಲಿಲ್ಲ. ದೊಡ್ಡ ನಿಧಿಗಳ ಕಣ್ಣೂ ಇತ್ತ ಬಿದ್ದಿರಲಿಲ್ಲ. ಆದರೂ ಪಾಮ್ ಬೀಚ್ ಕೌಂಟಿ ಮರುಎಣಿಕೆ ಮುಗಿಸಲು ಇನ್ನಷ್ಟು ಸಮಯ ಕೇಳಿದಾಗ ಹ್ಯಾರಿಸ್ ಕೊಡಲಿಲ್ಲ. ನೋಂದಣಿ ಅರ್ಜಿಯ ಕಾಗದ ಇಷ್ಟು ದಪ್ಪ ಇರಲೇಬೇಕೆಂದು ಬ್ಲ್ಯಾಕ್‌ವೆಲ್ ಹೊರಡಿಸಿದ ಸೂಚನೆ ಟೀಕೆಗೆ ಸಿಕ್ಕಿ ಸಡಿಲವಾಯಿತು. ಪಕ್ಷಪಾತದ ಆರೋಪ ಹುಟ್ಟಿದ್ದು ಯಾರೂ ಗಮನಿಸದ ಕಾಲದಲ್ಲಿ. ಜನ ಈ ಹುದ್ದೆಯತ್ತ ನೋಡುವಂತೆ ಮಾಡಿದ್ದು 2006ರ ನಂತರದ ಪ್ರಚಾರ, ಮತ್ತು ಪ್ರಚಾರಕ್ಕೆ ಹಣ ಬೇಕು.

ಹಾಗೆ ಗೆದ್ದವರು ಹೇಗೆ ನಡೆದುಕೊಂಡರು? ಪ್ರಾಜೆಕ್ಟ್ ಬೆಂಬಲಿಸಿದ ಮಾರ್ಕ್ ರಿಚಿ 2006ರಲ್ಲಿ ಮಿನ್ನೆಸೋಟದಲ್ಲಿ ಗೆದ್ದರು. ಎರಡೇ ವರ್ಷಕ್ಕೆ ಪರೀಕ್ಷೆ ಬಂತು. ಸೆನೆಟ್ ಸ್ಥಾನಕ್ಕೆ ರಿಪಬ್ಲಿಕನ್ ನಾರ್ಮ್ ಕೋಲ್ಮನ್ ಮತ್ತು ಡೆಮಾಕ್ರಟ್ ಆಲ್ ಫ್ರಾಂಕನ್ ನಡುವೆ ಸುಮಾರು 29 ಲಕ್ಷ ಮತಗಳಲ್ಲಿ ಅಂತರ ಕೆಲವೇ ನೂರಾಗಿತ್ತು. ರಿಚಿ ಒಬ್ಬರೇ ತೀರ್ಮಾನಿಸಲಿಲ್ಲ. ಮರುಎಣಿಕೆಯ ಮಂಡಳಿಯಲ್ಲಿ ಅವರ ಜೊತೆ ರಾಜ್ಯ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಜಿಲ್ಲಾ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರೂ ಕೂತಿದ್ದರು. ತಕರಾರಿನ ಮತಪತ್ರಗಳನ್ನು ಎಲ್ಲರೆದುರೇ ಎತ್ತಿ ನೋಡಿ ನಿರ್ಧರಿಸಿದರು. ಕೊನೆಗೆ ಫ್ರಾಂಕನ್ 312 ಮತಗಳಿಂದ ಗೆದ್ದರು. 2009ರ ಜೂನ್ 30ರಂದು ರಾಜ್ಯ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ಎತ್ತಿಹಿಡಿಯಿತು. ದೇಣಿಗೆಯ ಬಲದಿಂದ ಬಂದ ಅಧಿಕಾರಿ ಹಂಗು ತೀರಿಸುತ್ತಾನೆ ಎಂಬ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ.

ಈಗ 2022ಕ್ಕೆ ಬನ್ನಿ. 2020ರ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನೇ ಒಪ್ಪದವರು ಈ ಹುದ್ದೆಗಳಿಗೆ ಸಾಲಾಗಿ ನಿಂತರು. ನೆವಾಡದ ಜಿಮ್ ಮರ್ಚಂಟ್, ಅರಿಝೋನಾದ ಮಾರ್ಕ್ ಫಿಂಚೆಮ್, ಮಿಷಿಗನ್ನಿನ ಕ್ರಿಸ್ಟಿನಾ ಕರಾಮೊ ಒಂದು ಒಕ್ಕೂಟವಾಗಿಯೇ ಕಣಕ್ಕಿಳಿದರು. ಮೂವರೂ ಸೋತರು. ಅವರೆದುರು ಗೆದ್ದ ಸಿಸ್ಕೊ ಅಗಿಲಾರ್, ಏಡ್ರಿಯನ್ ಫಾಂಟೆಸ್, ಜೋಸಲಿನ್ ಬೆನ್ಸನ್ ಅವರ ಬೆನ್ನಿಗೆ ಊರೂರಿನ ದೇಣಿಗೆ ಇತ್ತು. ಆ ಹಣವನ್ನು ಕೊಡಬಾರದಿತ್ತು ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಫಲಿತಾಂಶಕ್ಕೆ ಸಹಿ ಹಾಕುವುದೇ ಅನುಮಾನ ಎಂಬಂಥವರು ಆ ಮೂರು ರಾಜ್ಯಗಳಲ್ಲಿ ಗೆದ್ದಿದ್ದರೆ 2024ರ ಎಣಿಕೆ ಯಾರ ಕೈಯಲ್ಲಿರುತ್ತಿತ್ತು?

ಚುನಾವಣೆ ಬಿಟ್ಟು ನೇಮಕ ಮಾಡಿ ಎಂಬ ಪರಿಹಾರವೂ ಕೇಳಲಷ್ಟೇ ಚೆನ್ನ. ಫ್ಲಾರಿಡಾದಲ್ಲಿ ಹ್ಯಾರಿಸ್ ನಂತರ ಈ ಅಧಿಕಾರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಲ್ಲಿ ರಾಜ್ಯಪಾಲರೂ ಪಕ್ಷದಿಂದ ಗೆದ್ದ ರಾಜಕಾರಣಿಯೇ. ನಮ್ಮಲ್ಲಿಯೂ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಚುನಾವಣಾ ಆಯುಕ್ತರ ಆಯ್ಕೆ ಸಮಿತಿಯಲ್ಲಿ ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕರ ಜೊತೆ ಮುಖ್ಯ ನ್ಯಾಯಮೂರ್ತಿಯೂ ಇರಲಿ ಎಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಕೇಂದ್ರ ಸಚಿವರೊಬ್ಬರನ್ನು ತಂದಿತು. ನೇಮಿಸುವವರಿಗೂ ಹಿತಾಸಕ್ತಿ ಇರುತ್ತದೆ; ವ್ಯತ್ಯಾಸ ಇಷ್ಟೇ, ಜನ ಅವರನ್ನು ಆ ಹುದ್ದೆಯಿಂದ ಮತ ಹಾಕಿ ಇಳಿಸಲಾರರು. ಹುದ್ದೆಗೆ ಚುನಾವಣೆ ಇರುವವರೆಗೆ, ಪ್ರಾಮಾಣಿಕ ಅಭ್ಯರ್ಥಿಯ ಪರವಾಗಿ ಸಾಮಾನ್ಯ ಜನ ಹತ್ತಿಪ್ಪತ್ತು ಡಾಲರ್ ಕೊಡುವುದು ಅವರ ಹಕ್ಕು ಮಾತ್ರವಲ್ಲ, ಹೊಣೆ ಕೂಡ.

ವಿರೋಧ: ಸೋತವರು ನಂಬದ ಎಣಿಕೆಗೆ ಬೆಲೆಯಿಲ್ಲ

ಮಿನ್ನೆಸೋಟದಲ್ಲಿ ರಿಚಿ ನೇರವಾಗಿ ನಡೆದುಕೊಂಡರು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಚುನಾವಣೆ ಗೆದ್ದವರನ್ನು ಒಪ್ಪಿಸಲು ಇರುವುದಲ್ಲ, ಅವರು ಹೇಗೂ ಒಪ್ಪುತ್ತಾರೆ. ಸೋತವರು ‘ಆಯಿತು, ಸೋತೆವು’ ಎಂದು ಮನೆಗೆ ಹೋಗುವಂತೆ ಮಾಡುವುದೇ ಅದರ ಕೆಲಸ. ಕೋಲ್ಮನ್ ಬೆಂಬಲಿಗರಿಗೆ ರಿಚಿಯ ಹಿಂದಿದ್ದ ಪ್ರಾಜೆಕ್ಟ್ ಸಿದ್ಧ ಅಸ್ತ್ರವಾಯಿತು. ಫ್ರಾಂಕನ್ ಗೆಲುವಿನಿಂದ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಬಣ 60ಕ್ಕೆ ಮುಟ್ಟಿತು. ಇಂಥ ಸ್ಥಾನದ ಮೇಲೆ ಅನುಮಾನದ ನೆರಳು ಬಿದ್ದರೆ ಒಮ್ಮತದ ತೀರ್ಪು ಕೂಡ ಅದನ್ನು ಪೂರ್ತಿ ಒರೆಸಲಾರದು. ಸರಿಯಾಗಿ ಎಣಿಸಿದ ಅಧಿಕಾರಿಯ ಹೆಸರಿಗೂ ಮಸಿ ಬಳಿಯುವ ಅವಕಾಶವನ್ನು ಆ ದೇಣಿಗೆಯೇ ಕೊಟ್ಟಿತು.

ಉಂಡ ಮನೆಯ ಗಳ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಉಪಕಾರ ಪಡೆದವನಿಗೆ ಅದು ಒಳ್ಳೆಯ ನೀತಿ. ಚುನಾವಣಾಧಿಕಾರಿಯ ಕೆಲಸವಾದರೋ ಉಂಡ ಮನೆಯದೂ ಉಣ್ಣದ ಮನೆಯದೂ ಒಂದೂ ಬಿಡದೆ ಎಣಿಸುವುದು. ಋಣವಿದ್ದವರನ್ನು ಆ ಕೆಲಸಕ್ಕೆ ಕೂರಿಸುವುದು ಅವರಿಗೂ ಅನ್ಯಾಯ, ಮತದಾರರಿಗೂ ಅನ್ಯಾಯ.

ಇದು ನನ್ನೊಬ್ಬನ ಅಳುಕಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರೂ ಚುನಾವಣೆಯಿಂದ ಬರುತ್ತಾರೆ. ಕಲ್ಲಿದ್ದಲು ಕಂಪನಿಯೊಂದರ ಮುಖ್ಯಸ್ಥರು 30 ಲಕ್ಷ ಡಾಲರ್ ಸುರಿದು ಗೆಲ್ಲಲು ನೆರವಾದ ನ್ಯಾಯಮೂರ್ತಿ, ಅದೇ ಕಂಪನಿಯ ಮೊಕದ್ದಮೆಯಿಂದ ಹಿಂದೆ ಸರಿಯಬೇಕಿತ್ತು ಎಂದು 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯಾಧೀಶ ಹುದ್ದೆಯ ಅಭ್ಯರ್ಥಿಗಳು ಖುದ್ದಾಗಿ ದೇಣಿಗೆ ಕೇಳುವುದನ್ನು ಫ್ಲಾರಿಡಾ ನಿಷೇಧಿಸಿದ್ದನ್ನು 2015ರಲ್ಲಿ ಎತ್ತಿಹಿಡಿಯಿತು. ಎರಡು ಪಕ್ಷಗಾರರ ನಡುವೆ ನ್ಯಾಯ ಹೇಳುವವರಿಗೆ ಇಷ್ಟು ಕಟ್ಟುಪಾಡು ಬೇಕಾದರೆ, ಕೋಟ್ಯಂತರ ಜನರ ಮತಕ್ಕೆ ಸಹಿ ಹಾಕುವವರಿಗೆ ಯಾಕೆ ಬೇಡ?

ದೇಣಿಗೆ ಒಳ್ಳೆಯವರನ್ನು ಗೆಲ್ಲಿಸಿತು ಎಂಬ ವಾದ 2022ರ ಫಲಿತಾಂಶದ ಮೇಲೆ ನಿಂತಿದೆ. ಆದರೆ ಅದೇ ದಾರಿಯನ್ನು ಸೋತ ಆ ಮೂವರೂ ಹಿಡಿದಿದ್ದರು. 2006ರಲ್ಲಿ ಒಂದು ಬಣ ಕಲಿತ ವಿದ್ಯೆಯನ್ನು ಇನ್ನೊಂದು ಬಣ ಕಲಿಯಿತು, ಅಷ್ಟೇ. ಮುಂದಿನ ಸಲ ಹೆಚ್ಚು ಹಣ ಅವರ ಕಡೆ ಹರಿದರೆ ಈ ಸಮರ್ಥನೆ ಏನಾಗುತ್ತದೆ? ಹಾಗಿದ್ದರೂ ಪ್ರಜಾಪ್ರಭುತ್ವವನ್ನು ನಿಜಕ್ಕೂ ಕಾಯ್ದವರು ಯಾರು ನೋಡಿ. 2021ರ ಜನವರಿ 2ರಂದು ಟ್ರಂಪ್ ಫೋನ್ ಮಾಡಿ 11,780 ಮತ ಹುಡುಕಿಕೊಡಿ ಎಂದಾಗ, ಜಾರ್ಜಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಒಪ್ಪಲಿಲ್ಲ. ಅವರು ರಿಪಬ್ಲಿಕನ್. ಅವರ ಪಕ್ಷದ ನಿಧಿ ಕೊಡುವವರಲ್ಲಿ ಎಷ್ಟೋ ಜನರ ಇಷ್ಟ ಬೇರೆಯೇ ಇದ್ದಿರಬಹುದು. ಅವರು ಕಾನೂನಿಗೆ ಅಂಟಿಕೊಂಡರು.

ಪಕ್ಷದ ಅಧಿಕಾರಿ ತನ್ನದೇ ಸ್ಪರ್ಧೆಯ ಮೇಲ್ವಿಚಾರಣೆ ಮಾಡುವುದೂ ಅಲ್ಲಿ ಸಾಮಾನ್ಯ. 2018ರಲ್ಲಿ ಜಾರ್ಜಿಯಾದ ರಿಪಬ್ಲಿಕನ್ ಬ್ರಯಾನ್ ಕೆಂಪ್, 2022ರಲ್ಲಿ ಅರಿಝೋನಾದ ಡೆಮಾಕ್ರಟ್ ಕೇಟಿ ಹಾಬ್ಸ್ ಈ ಹುದ್ದೆಯಲ್ಲಿದ್ದುಕೊಂಡೇ ರಾಜ್ಯಪಾಲ ಸ್ಥಾನಕ್ಕೆ ನಿಂತು ಗೆದ್ದರು. ಎರಡೂ ಕಡೆ ಸೋತವರ ಪಾಳಯ ದೂರಿತು. ಪಕ್ಷ ಬದಲಾದರೂ ದೂರು ಒಂದೇ ಎಂದರೆ ಕೆಟ್ಟಿರುವುದು ವ್ಯವಸ್ಥೆ ಎಂದರ್ಥ.

ನೇಮಕವೂ ಕೆಡಬಹುದು, ಹೌದು. ವಿಸ್ಕಾನ್ಸಿನ್ ನಿವೃತ್ತ ನ್ಯಾಯಾಧೀಶರ ಮಂಡಳಿಯ ಕೈಗೆ ಚುನಾವಣೆ ಕೊಟ್ಟು ನೋಡಿತು. 2016ರಲ್ಲಿ ಆಳುವ ಪಕ್ಷ ಅದನ್ನು ಕಿತ್ತುಹಾಕಿ ಎರಡೂ ಪಕ್ಷಗಳಿಗೆ ಸಮಪಾಲಿನ ಆಯೋಗ ತಂದಿತು. ಆ ಮಂಡಳಿಯನ್ನು ಅಳಿಸಿದ್ದೂ ರಾಜಕಾರಣವೇ ಹೊರತು ಅದರ ಪಕ್ಷರಹಿತ ಸ್ವರೂಪವಲ್ಲ. ಹಾಗಾಗಿ ಒಬ್ಬ ನಾಯಕನ ಕೈಯ ನೇಮಕವೂ ಬೇಡ, ಪಕ್ಷದ ಟಿಕೆಟ್ಟೂ ಬೇಡ. ನ್ಯಾಯಾಂಗ ಮತ್ತು ಎರಡೂ ಪಕ್ಷಗಳ ಒಪ್ಪಿಗೆಯಿಂದ ಬಂದ, ಅವಧಿ ಮುಗಿಯುವವರೆಗೆ ಅಲುಗಾಡಿಸಲಾಗದ ಮಂಡಳಿ ಬೇಕು.

ಅದು ಬರುವವರೆಗೆ ಮಾಡಬೇಕಾದದ್ದೂ ಇದೆ. ಈ ಹುದ್ದೆಯ ಅಭ್ಯರ್ಥಿ ಖುದ್ದಾಗಿ ದೇಣಿಗೆ ಕೇಳಬಾರದು. ಗೆದ್ದವರು ಯಾವ ಅಭ್ಯರ್ಥಿಯ ಪ್ರಚಾರ ಸಮಿತಿಯಲ್ಲೂ ಕೂರಬಾರದು. ತಾವೇ ನಿಂತ ಸ್ಪರ್ಧೆಯ ಎಣಿಕೆಯಿಂದ ಹಿಂದೆ ಸರಿಯಬೇಕು. ಯಾರು ಕೊಟ್ಟರೆಂಬುದು ಮತದಾನಕ್ಕೆ ಮುಂಚೆಯೇ ಎಲ್ಲರಿಗೂ ತಿಳಿಯಬೇಕು. ಹಣದ ಮೂಲ ಮತದಾರರಿಗೆ ಗೊತ್ತಿರಬೇಕೆಂಬ ನೆಲೆಯಲ್ಲೇ ನಮ್ಮ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಚುನಾವಣಾ ಬಾಂಡ್‌ಗಳನ್ನು ರದ್ದುಮಾಡಿತು. ಅಷ್ಟು ನಿಯಮಗಳಿಗೂ ಒಪ್ಪದ ದೇಣಿಗೆ ಪ್ರಜಾಪ್ರಭುತ್ವದ ರಕ್ಷಣೆಗೆಂದು ನಾನು ನಂಬಲಾರೆ.