ಸಿಗ್ನಲ್‌ನ ಬೀಗ: ಸ್ಯಾಕ್ಸ್‌ಬಿಯ ಕಾರ್ಖಾನೆಯಿಂದ ಬಹನಗಾ ಬಜಾರ್‌ವರೆಗೆ

2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸಿರು ದೀಪ ದೊರೆತಿತ್ತು. ಹಳಿ ಮಾತ್ರ ಲೂಪ್ ಲೈನಿನತ್ತ ತಿರುಗಿತ್ತು. ರೈಲು ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಉರುಳಿದ ಬೋಗಿಗಳಿಗೆ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲೂ ತಗುಲಿತು. ಮೃತರ ಸಂಖ್ಯೆ 290ನ್ನು ಮೀರಿತು.

ಸಿಗ್ನಲ್ ಒಂದು ದಾರಿ ತೋರಿಸಿ, ಹಳಿ ಇನ್ನೊಂದು ದಾರಿ ಹಿಡಿಸುವ ಈ ಅಪಾಯವನ್ನು ತಡೆಯಲೆಂದೇ ಒಂದೂವರೆ ಶತಮಾನದ ಹಿಂದೆ ಒಂದು ಉದ್ಯಮ ಹುಟ್ಟಿಕೊಂಡಿತ್ತು. ಅದರ ಇತಿಹಾಸವನ್ನು ಗಮನಿಸಿದರೆ ಬಹನಗಾದಲ್ಲಿ ಮುರಿದದ್ದು ಯಾವುದೆಂಬುದು ಸ್ಪಷ್ಟವಾಗುತ್ತದೆ.

ಇಂಗ್ಲೆಂಡಿನ ಬ್ರೈಟನ್‌ನವನಾದ ಜಾನ್ ಸ್ಯಾಕ್ಸ್‌ಬಿ ಮೂಲತಃ ಬಡಗಿ. ರೈಲ್ವೆ ಕಂಪನಿಯೊಂದರಲ್ಲಿ ದುಡಿಯುತ್ತಿದ್ದವನು. ಹಳಿಯ ಪಾಯಿಂಟುಗಳನ್ನೂ ಸಿಗ್ನಲ್‌ಗಳನ್ನೂ ಒಟ್ಟಿಗೆ ಚಲಿಸುವಂತೆ ಮಾಡುವ ವ್ಯವಸ್ಥೆಗೆ 1856ರಲ್ಲಿ ಆತ ಪೇಟೆಂಟ್ ಪಡೆದ. ಈ ಕಲ್ಪನೆಯ ಶ್ರೇಯಸ್ಸು ಅವನೊಬ್ಬನದೇ ಅಲ್ಲ. 1860ರ ಹೊತ್ತಿಗೆ ಆಸ್ಟಿನ್ ಚೇಂಬರ್ಸ್ ಎಂಬಾತ ಇನ್ನೂ ಸಮರ್ಪಕವಾದ ಬೀಗವನ್ನು ರೂಪಿಸಿದ್ದ. ಆದರೆ ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದವನು ಸ್ಯಾಕ್ಸ್‌ಬಿ. 1862ರಲ್ಲಿ ಜಾನ್ ಸ್ಟಿನ್ಸನ್ ಫಾರ್ಮರ್ ಜತೆ ಪಾಲುದಾರಿಕೆ ಏರ್ಪಟ್ಟಿತು. ಲಂಡನ್ನಿನ ಕಿಲ್ಬರ್ನ್‌ನಲ್ಲಿ ಕಾರ್ಖಾನೆ ಎದ್ದಿತು.

ಅವರು ಮಾರಿದ ಸಾಮಗ್ರಿಯ ತತ್ವ ಸರಳ. ಕ್ಯಾಬಿನ್ನಿನಲ್ಲಿ ಸಾಲಾಗಿ ನಿಂತ ಲಿವರ್‌ಗಳ ಕೆಳಗೆ ಕಬ್ಬಿಣದ ಪಟ್ಟಿಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಪಾಯಿಂಟ್ ಸರಿಯಾದ ದಿಕ್ಕಿಗೆ ಕೂರುವವರೆಗೆ ಸಿಗ್ನಲ್‌ನ ಲಿವರ್ ಅಲುಗದು. ಸಿಗ್ನಲ್ ಇಳಿದ ಮೇಲೆ ಪಾಯಿಂಟನ್ನು ಕದಲಿಸಲಾಗದು. ಲೆವೆಲ್ ಕ್ರಾಸಿಂಗ್‌ನ ಗೇಟನ್ನೂ ಇದೇ ಬೀಗಕ್ಕೆ ಜೋಡಿಸಬಹುದು. ಆಗ ಗೇಟು ಮುಚ್ಚದೆ ರೈಲಿಗೆ ದಾರಿಯಿಲ್ಲ. ಕ್ಯಾಬಿನ್ನಿನಲ್ಲಿರುವ ನೌಕರ ದಣಿದಿರಲಿ, ಮರೆತಿರಲಿ, ಕಬ್ಬಿಣ ಒಪ್ಪುವುದಿಲ್ಲ.

ಆದರೂ ಬ್ರಿಟನ್ನಿನ ಹಲವು ರೈಲ್ವೆ ಕಂಪನಿಗಳು ಖರ್ಚಿನ ನೆಪವೊಡ್ಡಿ ವರ್ಷಗಟ್ಟಲೆ ಮೀನಮೇಷ ಎಣಿಸಿದವು. 1889ರಲ್ಲಿ ಐರ್ಲೆಂಡಿನ ಅರ್ಮಾ ಬಳಿ, ಮಕ್ಕಳೇ ಹೆಚ್ಚಾಗಿದ್ದ ವಿಹಾರದ ರೈಲೊಂದು ದುರಂತಕ್ಕೀಡಾಗಿ ಸುಮಾರು 80 ಮಂದಿ ಸತ್ತರು. ಆ ಅಪಘಾತಕ್ಕೆ ಇಂಟರ್‌ಲಾಕಿಂಗ್ ಕೊರತೆ ಕಾರಣವಾಗಿರಲಿಲ್ಲ. ಬ್ರೇಕ್ ಮತ್ತು ರೈಲುಗಳ ನಡುವಣ ಅಂತರದ ಲೋಪ ಕಾರಣವಾಗಿತ್ತು. ಆದರೆ ಅದೇ ವರ್ಷ ಬಂದ ಕಾಯ್ದೆ ಮೂರನ್ನೂ ಕಡ್ಡಾಯಗೊಳಿಸಲು ಅವಕಾಶ ನೀಡಿತು. ಸುರಕ್ಷತೆಯ ಮಾರುಕಟ್ಟೆ ಸೃಷ್ಟಿಯಾದದ್ದು ಗ್ರಾಹಕರ ವಿವೇಕದಿಂದಲ್ಲ, ಕಾನೂನಿನಿಂದ.

1890ರ ದಶಕದಲ್ಲಿ ಗಾಜಿಯಾಬಾದ್-ಪೇಶಾವರ ಮಾರ್ಗದ ನಿಲ್ದಾಣಗಳಿಗೆ ಇಂಟರ್‌ಲಾಕಿಂಗ್ ಬಂದಾಗ ಈ ಕಂಪನಿಯ ಹೆಸರು ಭಾರತದಲ್ಲೂ ನೆಲೆಯೂರಿತು. ಮುಂದೆ ಅದು ಕೋಲ್ಕತ್ತದಲ್ಲಿ ಪಶ್ಚಿಮ ಬಂಗಾಳ ಸರ್ಕಾರದ ಉದ್ಯಮವೊಂದರ ಫಲಕದಲ್ಲಿ ಉಳಿಯಿತು. ಬ್ರಿಟನ್ನಿನಲ್ಲಿ 1920ರಲ್ಲಿ ವೆಸ್ಟಿಂಗ್‌ಹೌಸ್ ಜತೆ ವಿಲೀನವಾಯಿತು. ಕಬ್ಬಿಣದ ಪಟ್ಟಿಗಳ ಜಾಗಕ್ಕೆ ರಿಲೇಗಳು ಬಂದವು, ರಿಲೇಗಳ ಜಾಗಕ್ಕೆ ಕಂಪ್ಯೂಟರ್. ಬ್ರಿಟಿಷ್ ರೈಲ್ ಜತೆ ವೆಸ್ಟಿಂಗ್‌ಹೌಸ್ ಮತ್ತು ಜಿಇಸಿ ಸೇರಿ ರೂಪಿಸಿದ ವ್ಯವಸ್ಥೆ 1985ರಲ್ಲಿ ಲೆಮಿಂಗ್ಟನ್ ಸ್ಪಾದಲ್ಲಿ ಬಳಕೆಗೆ ಬಂತು. ಆ ಸಿಗ್ನಲ್ ವ್ಯವಹಾರ 2013ರಲ್ಲಿ ಸೀಮೆನ್ಸ್ ಪಾಲಾಯಿತು.

ಬದಲಾದದ್ದು ಯಂತ್ರವಷ್ಟೇ ಅಲ್ಲ. ಹಳೆಯ ಬೀಗವನ್ನು ವಂಚಿಸಲು ಕಬ್ಬಿಣವನ್ನೇ ಕತ್ತರಿಸಬೇಕಿತ್ತು. ಹೊಸ ಬೀಗದ ಮಿದುಳು ನಿಲ್ದಾಣದಲ್ಲಿ ಭದ್ರವಾಗಿದ್ದರೂ ಅದರ ಕಣ್ಣು-ಕಿವಿಗಳು ಹಳಿಯ ಬದಿಯ ಪೆಟ್ಟಿಗೆಗಳಲ್ಲಿರುತ್ತವೆ. ಅಲ್ಲಿ ತಂತಿಯೊಂದು ತಪ್ಪು ತುದಿಗೆ ಸೇರಿದರೆ ಪಾಯಿಂಟ್ ಇಲ್ಲದ ದಿಕ್ಕಿನಲ್ಲಿದೆಯೆಂದು ಕಂಪ್ಯೂಟರ್ ನಂಬುತ್ತದೆ.

ಬಹನಗಾದಲ್ಲಿ ನಡೆದದ್ದು ಇದೇ. ರೈಲ್ವೆ ಸುರಕ್ಷತಾ ಆಯುಕ್ತರ ವರದಿಯ ಪ್ರಕಾರ, ನಿಲ್ದಾಣದ ಉತ್ತರ ಭಾಗದ ಸಿಗ್ನಲ್ ಗುಮಟಿಯಲ್ಲಿ ಹಿಂದೊಮ್ಮೆ ಸರ್ಕಿಟ್ ಬದಲಿಸುವಾಗ ಲೋಪವಾಗಿತ್ತು. 94ನೇ ಲೆವೆಲ್ ಕ್ರಾಸಿಂಗ್‌ನ ವಿದ್ಯುತ್ ಗೇಟನ್ನು ಬದಲಿಸುವ ಕಾಮಗಾರಿಯಲ್ಲಿ ಮತ್ತೆ ಲೋಪವಾಯಿತು. ಅಂದರೆ ರಸ್ತೆಯಲ್ಲಿ ಸಾಗುವವರ ರಕ್ಷಣೆಗೆ ಹಾಕುತ್ತಿದ್ದ ಗೇಟಿನ ಕೆಲಸವೇ ರೈಲಿನಲ್ಲಿದ್ದವರಿಗೆ ಮುಳುವಾಯಿತು. ಇಂತಹ ಸಂದರ್ಭದಲ್ಲಿ 'ಕವಚ್' ಕೂಡ ಹೆಚ್ಚೇನೂ ಮಾಡಲಾರದು. ಅದೂ ಅವಲಂಬಿಸಿರುವುದು ಸಿಗ್ನಲ್ ನೀಡುವ ಮಾಹಿತಿಯನ್ನೇ.

ಮುನ್ಸೂಚನೆ ಇರಲಿಲ್ಲವೆನ್ನುವಂತಿಲ್ಲ. 2022ರ ಮೇ 16ರಂದು ಖರಗ್‌ಪುರ ವಿಭಾಗದ ಬಾಂಕ್ರಾ ನಯಾಬಾಜ್ ನಿಲ್ದಾಣದಲ್ಲಿ ತಪ್ಪು ವೈರಿಂಗ್‌ನಿಂದ ಇಂಥದೇ ಘಟನೆ ನಡೆದಿತ್ತು. 2023ರ ಫೆಬ್ರುವರಿ 8ರಂದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಮಾರ್ಗಕ್ಕೆ ಹೊರಳುವುದರಲ್ಲಿತ್ತು. ಲೋಕೋ ಪೈಲಟ್ ಎಚ್ಚರದಿಂದ ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣಾ ವ್ಯವಸ್ಥಾಪಕರು ಪತ್ರ ಬರೆದು, ವ್ಯವಸ್ಥೆಯಲ್ಲಿ ಗಂಭೀರ ನ್ಯೂನತೆಗಳಿವೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತವಾದೀತೆಂದು ಎಚ್ಚರಿಸಿದ್ದರು. ಬಹನಗಾಕ್ಕೆ ಆಗ ನಾಲ್ಕು ತಿಂಗಳೂ ಉಳಿದಿರಲಿಲ್ಲ.

ಆಯುಕ್ತರ ಶಿಫಾರಸುಗಳಲ್ಲಿ ಹೊಸ ಯಂತ್ರಕ್ಕಿಂತ ಎದ್ದು ಕಾಣುವುದು ಹಳೆಯ ಕೆಲಸ: ವೈರಿಂಗ್ ನಕ್ಷೆಗಳನ್ನು ಪರಿಷ್ಕರಿಸಬೇಕು, ಸ್ಥಳದಲ್ಲಿ ಸರ್ಕಿಟ್‌ಗಳ ಮೇಲಿನ ಬರಹ ನಕ್ಷೆಗೆ ತಾಳೆಯಾಗಬೇಕು.