ದೇವರಿಗೆ ಬರೆದ ಅರ್ಜಿಗಳು

ನ್ಯಾಯಾಲಯಕ್ಕೆ ಸಲ್ಲಿಸುವ ಅರ್ಜಿಯ ಕೊನೆಯ ಭಾಗಕ್ಕೆ ಇಂಗ್ಲಿಷಿನಲ್ಲಿ ‘ಪ್ರೇಯರ್’ ಎಂದೇ ಹೆಸರು. ಕೇಂದ್ರ ಸರ್ಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದಿರುವ ನನಗೆ ಆ ಭಾಗದ ಭಾಷೆ ಚೆನ್ನಾಗಿ ಪರಿಚಿತ. ಬೇಡುವವನು ಅಲ್ಲಿ ತನ್ನ ಅಳಲನ್ನು ತನ್ನ ಮಾತಿನಲ್ಲಿ ಹೇಳುವಂತಿಲ್ಲ. ಮೇಲಿನವರ ಕಿವಿಗೆ ಒಗ್ಗುವ ಮಾತಿನಲ್ಲಿ ಹೇಳಬೇಕು. ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಮನೆಗಳ ಪ್ರಾರ್ಥನಾಕೂಟಗಳಲ್ಲಿಯೂ ಅದೇ ಧಾಟಿ ಕೇಳಿಬರುತ್ತಿದೆ ಎಂಬುದು ನನ್ನ ತಕರಾರು.

ಕನ್ನಡದಲ್ಲಿ ಪ್ರಾರ್ಥಿಸುವಾಗ ನಾವು ದೇವರನ್ನು ‘ನೀನು’ ಎನ್ನುತ್ತೇವೆ. ಕಚೇರಿಯ ಅಧಿಕಾರಿಗೆ ‘ತಾವು’, ಲೋಕವನ್ನು ಸೃಷ್ಟಿಸಿದವನಿಗೆ ‘ನೀನು’. ಇಂಗ್ಲಿಷಿನ ‘ದೌ’ ಕೂಡ ಒಂದು ಕಾಲಕ್ಕೆ ಆಪ್ತರ ನಡುವಿನ ಏಕವಚನವೇ ಆಗಿತ್ತು; ದಿನಬಳಕೆಯಿಂದ ಜಾರಿದ ಮೇಲೆ ಅದು ಬಿಗುಮಾನದ ಮಾತಾಯಿತು. ನಮ್ಮ ‘ನೀನು’ ಇನ್ನೂ ಬೆಚ್ಚಗಿದೆ. ಪುರಂದರದಾಸರ ನಿಂದಾಸ್ತುತಿಯೂ ವಚನಕಾರರು ದೇವರೊಡನೆ ಹೂಡಿದ ಜಗಳಗಳೂ ಈ ಏಕವಚನದ ಸಲಿಗೆಯಲ್ಲಿಯೇ ಹುಟ್ಟಿದವು. ನಾವಾದರೋ ‘ನೀನು’ ಎಂದು ಆರಂಭಿಸಿ ಮರುಕ್ಷಣವೇ ವಿಶೇಷಣಗಳ ಮೆರವಣಿಗೆ ಹೊರಡಿಸುತ್ತೇವೆ. ಆಮೇಲೆ ದೇವರಿಗೆ ಗೊತ್ತಿರದ ಸುದ್ದಿಯೇನೋ ಎಂಬಂತೆ ಪಕ್ಕದಲ್ಲಿ ಕುಳಿತ ಸಹೋದರನ ಸಿಟ್ಟು, ಇನ್ನೊಬ್ಬರ ಮಗಳ ನಿಂತುಹೋದ ಮದುವೆ, ಎಲ್ಲವನ್ನೂ ವರದಿ ಮಾಡುತ್ತೇವೆ. ಆ ವರದಿ ಯಾರ ಕಿವಿಗಾಗಿ ಎಂಬುದು ಕೂಟದಲ್ಲಿ ಕುಳಿತ ಎಲ್ಲರಿಗೂ ಗೊತ್ತು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಫರಿಸಾಯನು ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಎಂದು ಲೆಕ್ಕ ಒಪ್ಪಿಸುವುದನ್ನು ಓದಿದಾಗಲೆಲ್ಲ ವರ್ಷಕ್ಕೊಮ್ಮೆ ನಾವು ನೌಕರರು ನಮ್ಮ ಕೆಲಸದ ಬಗ್ಗೆ ನಾವೇ ಬರೆದುಕೊಡುವ ಮೌಲ್ಯಮಾಪನ ನೆನಪಾಗುತ್ತದೆ. ಅದರಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ಫರಿಸಾಯನೂ ಸುಳ್ಳು ಹೇಳಲಿಲ್ಲ. ಸುಂಕದವನು ದೂರದಲ್ಲಿ ನಿಂತು ಹೇಳಿದ್ದು ಒಂದೇ ವಾಕ್ಯ. (ಸಾಮತಿಗಳಲ್ಲಿ ಸರ್ಕಾರದ ವಸೂಲಿಗಾರನಿಗೆ ಇಷ್ಟು ಒಳ್ಳೆಯ ಪಾತ್ರ ಸಿಗುವುದು ಅಪರೂಪ; ನಮ್ಮ ವರ್ಗದವರು ಸಂತೋಷಪಡಬಹುದು.)

ಹಾಗೆಂದು ಅಚ್ಚಾದ ಪ್ರಾರ್ಥನೆಗಳನ್ನು ಬದಿಗಿಟ್ಟು ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದರೆ ಪ್ರಾಮಾಣಿಕತೆ ತಾನಾಗಿ ಬರುತ್ತದೆ ಎನ್ನುವವರನ್ನು ನಾನು ಒಪ್ಪಲಾರೆ. ಸ್ವಂತ ಮಾತು ಎಂಬುದೂ ಹತ್ತು ವಾರಗಳಲ್ಲಿ ಸವೆದು ಬಾಯಿಪಾಠವಾಗುತ್ತದೆ. 1755ರಲ್ಲಿ ಇಂಗ್ಲಿಷಿನ ಮಹಾಕೋಶವನ್ನು ಕೊಟ್ಟ ಸ್ಯಾಮ್ಯುಯೆಲ್ ಜಾನ್ಸನ್ ತನಗಾಗಿ ಬರೆದುಕೊಂಡ ಪ್ರಾರ್ಥನೆಗಳು ಅವನ ಮರಣಾನಂತರ 1785ರಲ್ಲಿ ಪ್ರಕಟವಾದವು. ಅವುಗಳ ಶೈಲಿ ಆಂಗ್ಲಿಕನ್ ಸಭೆಯ ಪ್ರಾರ್ಥನಾ ಪುಸ್ತಕದ್ದು. ಗಂಭೀರ, ಅಳೆದು ತೂಗಿದ ಮಾತು. ಆದರೆ ಒಳಗಿರುವುದೇನು? ಸೋಮಾರಿತನ. ಬೆಳಿಗ್ಗೆ ಬೇಗ ಏಳಬೇಕೆಂಬ ಸಂಕಲ್ಪ, ಅದು ಮುರಿದದ್ದು, ಮರುವರ್ಷ ಮತ್ತೆ ಅದೇ ಸಂಕಲ್ಪ. 1765ರ ಈಸ್ಟರ್‌ನಲ್ಲಿ, ಅಂದರೆ ಐವತ್ತೈದು ದಾಟಿದ ಮೇಲೆ, ತಾನು ಎಷ್ಟೋ ಸಲ ಮಧ್ಯಾಹ್ನ ಎರಡರವರೆಗೆ ಹಾಸಿಗೆಯಲ್ಲೇ ಇರುವುದರಿಂದ ಎಂಟಕ್ಕೆ ಎದ್ದರೂ ಸುಧಾರಣೆಯೇ ಎಂದು ಬರೆದುಕೊಳ್ಳುತ್ತಾನೆ. ನಾಡೇ ಪಂಡಿತನೆಂದು ಕೊಂಡಾಡುತ್ತಿದ್ದ ಮನುಷ್ಯ ದೇವರ ಮುಂದೆ ಇಟ್ಟ ವಿಷಯ ಇದು. ಸರಳತೆ ಪದಗಳಲ್ಲಿರಬೇಕೆಂದು ನಾವು ತಿಳಿದಿದ್ದೇವೆ. ಜಾನ್ಸನ್ನನಲ್ಲಿ ಅದು ವಿಷಯದಲ್ಲಿದೆ.

ಕೂಟಗಳಲ್ಲಿ ಈ ಅಲಂಕಾರ ಬೇಸರ ತರಿಸೀತು, ಅಷ್ಟೆ. ಆಸ್ಪತ್ರೆಯಲ್ಲಿ ಅದು ಕ್ರೂರವಾಗುತ್ತದೆ. ನನ್ನ ತಂದೆಯ ಕೊನೆಯ ದಿನಗಳಲ್ಲಿ ಒಂದು ಗುಂಪು ಬಂದು ಮಂಚದ ಸುತ್ತ ನಿಂತು, ರೋಗ ಆಗಲೇ ವಾಸಿಯಾಯಿತೆಂದು ಗಟ್ಟಿಯಾಗಿ ಘೋಷಿಸಿ ಸ್ತೋತ್ರ ಹೇಳಿತು. ಧಾರವಾಡ ಬಿಟ್ಟು ನಲವತ್ತು ವರ್ಷವಾಗಿದ್ದ ಅವರು ಕಣ್ಣು ಮುಚ್ಚಿ ಎಲ್ಲದಕ್ಕೂ ‘ಆಮೆನ್’ ಎಂದರು. ಗುಂಪು ಹೊರಟ ಮೇಲೆ ಬಾಗಿಲು ಹಾಕಲು ಹೇಳಿ, ನನ್ನನ್ನು ಮರೆತವರಂತೆ ಚಾವಣಿ ನೋಡುತ್ತ, “ದೇವಾ, ನನಗ ಅಂಜಿಕಿ ಬರಾಕತ್ತೈತಿ. ನೀ ಇಲ್ಲೇ ಇರು” ಎಂದರು. ಆ ಅರ್ಧ ಗಂಟೆಯಲ್ಲಿ ನಡೆದ ಪ್ರಾರ್ಥನೆ ಇದೊಂದೇ ಎಂದು ನಾನು ಈಗಲೂ ನಂಬಿದ್ದೇನೆ. ಅದಕ್ಕೆ ಅವರು ಎಲ್ಲರೂ ಹೋಗುವವರೆಗೆ ಕಾಯಬೇಕಾಯಿತು.

ಭಯವನ್ನು ಹೇಳಿಕೊಂಡರೆ ವಿಶ್ವಾಸ ಕಡಿಮೆಯಾದಂತೆ ಎನ್ನುವವರು 88ನೆಯ ಕೀರ್ತನೆಯನ್ನು ಓದಬೇಕು. ಬೇರೆ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಭರವಸೆಯತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಸಮಾಧಾನದ ಒಂದು ಸಾಲನ್ನು ಯಾರೂ ಅದಕ್ಕೆ ಅಂಟಿಸಲಿಲ್ಲ, ಅದನ್ನು ಶಾಸ್ತ್ರಗ್ರಂಥದಿಂದ ಹೊರಗಿಡಲೂ ಇಲ್ಲ.

ಸುಂಕದವನ ಕಥೆಯಿರುವ ಅದೇ ಅಧ್ಯಾಯದ ಕೊನೆಯಲ್ಲಿ ಯೆರಿಕೋವಿನ ಕುರುಡನೊಬ್ಬ ಬರುತ್ತಾನೆ. ಅವನಿಗೆ ಬೇಕಾದದ್ದೇನೆಂದು ದಾರಿಹೋಕರಿಗೂ ಕಾಣುತ್ತಿತ್ತು. ಆದರೂ ಯೇಸು ಅವನನ್ನೇ ಕೇಳುತ್ತಾನೆ, ನಿನಗೆ ನಾನೇನು ಮಾಡಬೇಕೆಂದು. ನಮ್ಮ ಕೂಟದವರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಕಣ್ಣು ಮುಚ್ಚುವ ಮೊದಲು, ಮಲಗಿರುವವರನ್ನು ಹಾಗೆಯೇ ಕೇಳಲಿ: ಏನು ಬೇಡಿಕೊಳ್ಳೋಣ? ಉತ್ತರ ತಡವಾದರೆ ಕಾಯಲಿ. ಭೇಟಿಯ ಸಮಯ ಹೇಗೂ ಒಂದು ಗಂಟೆಯಿರುತ್ತದೆ.